ತುಟಿಯ ಮೇಲಿನ ಉಪ್ಪುಹುಣ್ಣು

ಹದಿಮೂರನೆಯ ತಿಂಗಳ ಒಂಬತ್ತನೇ ದಿನ, ೨೧೯೧

ಉಪ್ಪಿನ ಆಗರದ ಬೊಮ್ಮಯ್ಯಜ್ಜನಿಗೆ ನಮಸ್ಕಾರ.

ತಾರೀಖು ನೋಡಿ ಗಾಬರಿಯಾಗಬೇಡಿ. ಸೆಖೆ ಮುಗಿಯುವುದೇ ಇಲ್ಲವೆಂದು ನಾವು ಅದಕ್ಕೇ ಹದಿಮೂರನೆಯ ತಿಂಗಳೊಂದನ್ನು ಬಿಟ್ಟುಕೊಟ್ಟಿದ್ದೇವೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮಗೆ ಕಿಡ್ನಿ ಕೊಟ್ಟ ನಿಮ್ಮ ತಂಗಿ ಹೊನ್ನಮ್ಮನ ವಂಶದಲ್ಲಿ ಎಷ್ಟೋ ತಲೆಮಾರು ಕಳೆದ ಮೇಲೆ ಹುಟ್ಟಿದವಳು ನಾನು, ಹೆಸರು ತಾರಿಣಿ.

ನಮ್ಮಲ್ಲಿ ‘ಮೈನೋಟ’ ಅಂತ ಒಂದು ಪದ್ಧತಿ ಇದೆ. ಕಿಡ್ನಿ ಪಡೆದವರು ತಿಂಗಳಿಗೊಮ್ಮೆ ಕೊಟ್ಟವರ ಮನೆಯ ಅಂಗಳಕ್ಕೆ ಬಂದು ಬೆಳಕಿನಲ್ಲಿ ಕೂರಬೇಕು. ತುಟಿ, ಕುತ್ತಿಗೆ, ಕಿವಿಯ ಹಿಂದೆ, ಬೆನ್ನು ಎಲ್ಲ ನೋಡುತ್ತೇವೆ. ಹೊಸ ಮಚ್ಚೆಯೋ ಗಂಟೋ ಮಾಯದ ಹುಣ್ಣೋ ಕಂಡರೆ ಅವತ್ತೇ ಡಾಕ್ಟರ ಹತ್ತಿರ. ಆಮೇಲೆ ಅವಲಕ್ಕಿ, ಚಾ, ಊರ ಸುದ್ದಿ. ತಪ್ಪಿಸಿಕೊಂಡವರನ್ನು ಮಕ್ಕಳೂ ಬಿಡುವುದಿಲ್ಲ, “ಎಂತಾ ಮಾವ, ಹೆದ್ರಿಕೆಯಾ?” ಎಂದು ಬೀದಿಯಲ್ಲೇ ಕಾಡುತ್ತಾರೆ. ಹೊಸ ಕಿಡ್ನಿಯನ್ನು ಮೈ ಹೊರದಬ್ಬದಿರಲಿ ಎಂದು ನುಂಗುವ ಮಾತ್ರೆ ಮೈಯ ಕಾವಲನ್ನೇ ಮಂಕಾಗಿಸುತ್ತದೆ, ಕ್ಯಾನ್ಸರ್ ಆ ಸಂದಿಯಲ್ಲಿ ನುಗ್ಗುತ್ತದೆ ಎಂಬುದು ಇಲ್ಲಿ ಎಲ್ಲರಿಗೂ ಗೊತ್ತು.

ನಿಮಗೂ ಗೊತ್ತಿತ್ತಲ್ಲ ಅಜ್ಜಾ! ಬಿಸಿಲಿಗೆ ಮೈ ಒಡ್ಡಬೇಡಿ, ಹುಣ್ಣಾದರೆ ತೋರಿಸಿ ಎಂದು ಡಾಕ್ಟರು ಹೇಳಿಯೇ ಇದ್ದರು. ಕೆಳತುಟಿಯ ಮೇಲೆ ಆ ಹುಣ್ಣು ಎದ್ದಾಗ ಹೊನ್ನಮ್ಮ ಏನೆಂದು ಕೇಳಿದಳು. “ಎಂತದೂ ಇಲ್ಲ ಮಾರಾಯ್ತಿ, ಉಪ್ಪು ಚರ್ಮ ತಿಂದದ್ದು” ಎಂದಿರಿ. ಆಗರದಲ್ಲಿ ಯಾರ ಮೈಮೇಲೆ ಉಪ್ಪುಹುಣ್ಣಿಲ್ಲ? ಅವಳು ನಂಬಿ ಕೊಬ್ಬರಿ ಎಣ್ಣೆ ತಂದುಕೊಟ್ಟಳು. ನಂಬದೇ ಇದ್ದವರು ನೀವೊಬ್ಬರೇ. ಕ್ಯಾನ್ಸರ್ ಎಂದು ಗೊತ್ತಾದರೆ ಡಾಕ್ಟರು ಮಾತ್ರೆ ಕಡಿಮೆ ಮಾಡುತ್ತಾರೆ, ಮಾತ್ರೆ ಕಡಿಮೆಯಾದರೆ ತಂಗಿ ಕೊಟ್ಟ ಕಿಡ್ನಿ ಹಾಳಾಗುತ್ತದೆ ಎಂದು ಹೆದರಿ, ಆಸ್ಪತ್ರೆಗೆ ಹೋದಾಗಲೆಲ್ಲ ಬಾಯಿಗೆ ಟವೆಲ್ ಹಿಡಿದು ಕೂತಿರಿ. ಮಾತಾಡಲೂ ಕಷ್ಟವಾದ ಮೇಲೆ ನೀವೇ ಇದನ್ನೆಲ್ಲ ಅವಳಿಗೆ ಹೇಳಿದಿರಂತೆ. ಎಂಥ ಮನುಷ್ಯರಪ್ಪಾ ನೀವು! ಸಿಟ್ಟು ಬರುತ್ತದೆ, ಮರುಕ್ಷಣವೇ ಅಯ್ಯೋ ಪಾಪ ಅನ್ನಿಸುತ್ತದೆ. ಮೊದಲಿಗೆ ಆ ಹುಣ್ಣು ಹೆಸರುಕಾಳಿನಷ್ಟೇ ಇತ್ತು. ಆಗಲೇ ಕತ್ತರಿಸಿ ತೆಗೆದು, ಮಾತ್ರೆಯನ್ನು ಹದ ನೋಡಿ ಬದಲಿಸಿದ್ದರೆ ನೀವೂ ಉಳಿಯಬಹುದಿತ್ತು, ಕಿಡ್ನಿಯೂ ಉಳಿಯಬಹುದಿತ್ತು.

ನೀವು ತೀರಿಹೋದ ದಿನವೂ ಆ ಕಿಡ್ನಿ ಚೆನ್ನಾಗಿಯೇ ಕೆಲಸ ಮಾಡುತ್ತಿತ್ತಂತೆ.

ಹುಣ್ಣು ಸಣ್ಣದಿರುವಾಗಲೇ ಈ ಕಾಗದ ಕೈಸೇರಿದರೆ, ದಮ್ಮಯ್ಯ, ನಾಳೆಯೇ ಹೋಗಿ ತೋರಿಸಿ. ಹೊನ್ನಮ್ಮ ಸಾಯುವವರೆಗೂ ಹೇಳಿಕೊಂಡು ಅತ್ತ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ: “ನಾ ಕಿಡ್ನಿ ಕೊಟ್ಟದ್ದು ಅಣ್ಣ ಉಳೀಲಿ ಅಂತ. ಕಿಡ್ನಿ ಉಳೀಲಿ ಅಂತ ಯಾರು ಹೇಳಿದ್ರು?”