ರಟ್ಟಿನ ತೂತಿಗಿಳಿದ ರುದ್ರಾಕ್ಷಿ ಅಂಚು

ಕೊಳ್ಳೇಗಾಲ
ಜುಲೈ ೧೯೭೨

ಎಲ್ಲಿದ್ದೀಯೋ ತಿಳಿಯದ ಅಣ್ಣ ಮುತ್ತಯ್ಯನಿಗೆ,

ಬರುವ ಅಮಾವಾಸ್ಯೆಗೆ ನಿನ್ನ ತಿಥಿ ಮಾಡುವುದೆಂದು ಹಿರಿಯರು ತೀರ್ಮಾನಿಸಿದ್ದಾರೆ. ನೀನು ಹೋಗಿ ಏಳು ವರ್ಷ ತುಂಬಿತು. ಅತ್ತಿಗೆ ಪುಟ್ಟಬಸಮ್ಮನ ಬಳೆ ಒಡೆಯಲು ಕೌದಳ್ಳಿಯಿಂದ ಅವಳ ತವರಿನವರೇ ಬರುತ್ತಾರಂತೆ. ನಾನು ಬೇಡವೆಂದು ಜಗಳವಾಡಿದೆ. "ಅವ್ನು ಬದುಕವ್ನೆ ಅನ್ನಾಕೆ ನಿನ್ ತಾವ ಏನವ್ವ ಗುರ್ತು?" ಎಂದರು. ನನ್ನ ಬಳಿ ಏನೂ ಇರಲಿಲ್ಲ. ಇನ್ನು ಹನ್ನೊಂದು ದಿನ ಉಳಿದಿದೆ.

ನಿನ್ನೆ ಒಂಬತ್ತನೇ ತರಗತಿಗೆ ಕೈಗಾರಿಕಾ ಕ್ರಾಂತಿಯ ಪಾಠ ಮಾಡಿದೆ. ಉಗಿಯಂತ್ರ, ಹಾರುವ ಲಾಳಿ, ಹಾರ್ಗ್ರೀವ್ಸನ ನೂಲುವ ಯಂತ್ರ. ಅದನ್ನು ನೆರೆಹೊರೆಯವರೇ ಮನೆಗೆ ನುಗ್ಗಿ ಮುರಿದರೆಂದೂ ಹೇಳಿದೆ. ಆಮೇಲೆ ಫ್ರಾನ್ಸಿನ ಲಿಯಾನ್ ಎಂಬ ರೇಷ್ಮೆಯೂರಿನ ಜಕಾರ್ಡನ ಹೆಸರು ಬಂತು. ರಟ್ಟಿನ ತೂತುಗಳೇ ಚಿತ್ತಾರ ನೇಯಿಸುವ ಮಗ್ಗ, ನೇಕಾರರು ಅದರ ಮೇಲೆ ಸಿಟ್ಟಿಗೆದ್ದರು ಎಂದೆ. ಹಿಂದಿನ ಬೆಂಚಿನ ಚನ್ನಮಲ್ಲಮ್ಮ ಎದ್ದು, "ನಮ್ಮೂರ್ಗೆ ಬಂದಾಗ ಯಾರೂ ಸಿಟ್ಟಾಗ್ನಿಲ್ವಾ ಮಿಸ್?" ಎಂದಳು. ಇಲ್ಲ ಎಂದೆ. ನೀನು ಸಿಟ್ಟಾಗಲಿಲ್ಲವಲ್ಲ ಅಣ್ಣ. ಆಗಿದ್ದರೆ ಇಷ್ಟು ಸುಡುತ್ತಿರಲಿಲ್ಲ.

ಮಗ್ಗದ ನೆತ್ತಿಯಿಂದ ಇಳಿಬಿದ್ದ ಆ ದಾರದ ಜಾಲ, ನೀನು ಕಟ್ಟಿದ ಅಡೆ, ನನಗೆ ಇಂದಿಗೂ ಕಾಣುತ್ತದೆ. ಯಾವ ಎಳೆ ಏಳಬೇಕು, ಯಾವುದು ಮಲಗಬೇಕು ಎಂಬುದೆಲ್ಲ ಅದರ ಗಂಟುಗಳಲ್ಲಿತ್ತು. ಚಿಕ್ಕಂದಿನಲ್ಲಿ ಪಕ್ಕದಲ್ಲಿ ಕುಳಿತು ನಾನೇ ಅದನ್ನು ಎಳೆಯುತ್ತಿದ್ದೆ. ಅಂಚಿನ ರುದ್ರಾಕ್ಷಿ ಚಿತ್ತಾರದಲ್ಲಿ ಎಳೆ ತಪ್ಪಿದರೆ "ಲೇ ರತ್ನಿ, ರುದ್ರಾಕ್ಷಿ ಬದನೆಕಾಯಾಯ್ತು ನೋಡಮ್ಮೀ!" ಎಂದು ನೀನು ನಗುತ್ತಿದ್ದೆ.

ಮಗ್ಗದ ಯಜಮಾನ ಚಿಕ್ಕಮಾದಯ್ಯ ಜಕಾರ್ಡ್ ತರಿಸಿದಾಗ ನಿನ್ನನ್ನು ಒಪ್ಪಿಸಿದವಳು ನಾನು. ಓದಿದವಳಲ್ಲವೇ? ಹೊಸದನ್ನು ತಡೆಯಬಾರದು, ಆ ಮಗ್ಗಕ್ಕೆ ನೀನೇ ಕೂರುತ್ತೀಯೆ ಎಂದೆ. "ಓದ್ದೋಳು ಯೋಳ್ದ ಮ್ಯಾಲೆ ಆಯ್ತು ಕಣವ್ವಾ" ಎಂದು ನೀನು ಆರು ಭಾನುವಾರ ನಿನ್ನ ಗಂಟುಗಳನ್ನು ಒಂದೊಂದಾಗಿ ಹೇಳಿದೆ. ನಾನು ಚೌಕುಳಿ ಹಾಳೆಯಲ್ಲಿ ಗುರುತು ಹಾಕಿಕೊಂಡೆ. ಆ ಗುರುತುಗಳ ಮೇಲೆ ರಟ್ಟಿಗೆ ತೂತು ಬಿತ್ತು. ಅಂಚು ಸೊಗಸಾಗಿ ಬಂತು. ಆಗ ಚಿಕ್ಕಮಾದಯ್ಯ, "ಇನ್ ಯಾರ್ ಕುಂತ್ರೂ ನೇಯ್ತಾರೆ. ಮುತ್ತಯ್ಯ ನೂಲು ಸುತ್ಲಿ ಬುಡು" ಎಂದುಬಿಟ್ಟ.

ಅಡೆಯನ್ನು ಹೊಸದಕ್ಕೆ ನಕಲು ಮಾಡದೆ ಕತ್ತರಿಸಬಾರದು ಎಂಬುದು ನಿಮ್ಮ ನೇಕಾರರ ಕಟ್ಟಳೆ. ರಟ್ಟಿಗೆ ಇಳಿಯಿತಲ್ಲ, ಅದೇ ನಕಲು ಎಂದುಕೊಂಡೆ. ಚಿಕ್ಕಮಾದಯ್ಯ ಕತ್ತರಿಸಿ ಬಿಸಾಡಿದ್ದನ್ನು ನಾನೇ ಮನೆಗೆ ತಂದು ಹಿತ್ತಲಲ್ಲಿ ಬಟ್ಟೆ ಒಣಗಿಸಲು ಕಟ್ಟಿದೆ. ನೀನು ಬಂದಾಗ ನಿನ್ನ ಗಂಟುಗಳ ಮೇಲೆ ಅಮ್ಮನ ಒದ್ದೆ ಸೀರೆ ತೂಗುತ್ತಿತ್ತು. ನೀನು ಮುಟ್ಟಿ ನೋಡಿದೆ. "ಗಟ್ಟಿಯಾಗದೆ. ಇನ್ನೂ ಎಲ್ಡ್ ಸೀರೆ ತಡೀತದೆ" ಎಂದು ನಕ್ಕೆ. ಬೆಳಿಗ್ಗೆ "ಕೌದಳ್ಳಿಗೆ ಓಗ್ಬತ್ತೀನಿ" ಎಂದು ಬಸ್ಸು ಹತ್ತಿದವನು ಕೌದಳ್ಳಿಯಲ್ಲಿ ಇಳಿಯಲೇ ಇಲ್ಲ.

ಯಂತ್ರ ಬರಬಾರದಿತ್ತು ಎಂದು ಈಗಲೂ ಅನ್ನಲಾರೆ. ನನ್ನ ಮಾತು ನಂಬಿ ನೀನು ಬರಿಗೈಯಾದೆ, ಅಷ್ಟೇ ನನಗೆ ಗೊತ್ತಿರುವುದು. ಕ್ಷಮಿಸು ಎನ್ನಲೂ ಬಾಯಿಲ್ಲ. ನನ್ನ ಮುಖ ನೋಡಬೇಡ, ಊರಿಗೂ ಬರಬೇಡ. ಪುಟ್ಟಬಸಮ್ಮ ಏನು ತಪ್ಪು ಮಾಡಿದಳು? ನಿನ್ನೆ ಕೈ ತೊಳೆಯುವಾಗ ಬಳೆಗಳನ್ನು ಮೊಣಕೈಗೆ ಏರಿಸಿಕೊಳ್ಳುತ್ತಿದ್ದಳು, ಕಲ್ಲಿಗೆ ತಗುಲೀತೆಂದು.

ಸೇಲಂ, ಕಂಚಿ, ಧರ್ಮಾವರಂ, ನೇಕಾರರಿರುವ ಊರುಗಳ ಒಂದೊಂದು ಸಂಘಕ್ಕೂ ಇದರ ಪ್ರತಿ ಕಳಿಸುತ್ತಿದ್ದೇನೆ. ನಿನಗೆ ಓದಲು ಬಾರದು. ಆದ್ದರಿಂದ ಇದನ್ನು ಅವನಿಗೆ ಓದಿ ಹೇಳುತ್ತಿರುವ ಪುಣ್ಯಾತ್ಮರೇ, ಸ್ವಲ್ಪ ನಿಲ್ಲಿಸಿ ಅವನ ಮುಖ ನೋಡಿ. ಜೊತೆಗೊಂದು ಜವಾಬು ಕಾರ್ಡಿದೆ, ವಿಳಾಸ ನಾನೇ ಬರೆದಿದ್ದೇನೆ. ಊರಿನ ಹೆಸರು ಬೇಡ, ಅವನು ಬೇಡವೆಂದರೆ ಒಂದಕ್ಷರವೂ ಬೇಡ. ಅವನ ಹೆಬ್ಬೆರಳಿಗೆ ಮಸಿ ಹಚ್ಚಿ ಅದರ ಮೇಲೊಮ್ಮೆ ಒತ್ತಿಸಿ. ಅದು ಸಾಕು, ಬಳೆ ಒಡೆಯಲು ಬರುವವರಿಗೆ ಅದನ್ನು ಹಿಡಿದು ನಾನು ಬಾಗಿಲಲ್ಲಿ ಅಡ್ಡ ನಿಲ್ಲುತ್ತೇನೆ.

ಎಲ್ಲಿದ್ದರೂ ನಿನ್ನ ಕೈಗೆ ಕೆಲಸವಿರಲಿ ಅಣ್ಣ, ಮಾದಪ್ಪ ಕಾಯಲಿ.

ನಿನ್ನ ತಂಗಿ,
ಶಿವರತ್ನಮ್ಮ