ಉಪ್ಪಿಲ್ಲದ ಸೂಪ್

ಮಾರ್ಚ್ 3, ಸೋಮವಾರ

ಕ್ಯಾಂಟೀನಿನ ಮಧ್ಯಾಹ್ನದ ಅಡುಗೆ ಮುಗಿಸಿ ನೇರ ಆಸ್ಪತ್ರೆಗೆ. ಕೀಮೋ ಮುಗಿದು ವಾರವಾಯಿತು. ಮಗಳ ಬಾಯಿ ತುಂಬ ಹುಣ್ಣು — ತುಟಿ, ನಾಲಿಗೆ, ಗಂಟಲವರೆಗೂ. ಉಗುಳು ನುಂಗುವುದಕ್ಕೂ ಕಣ್ಣು ಗಟ್ಟಿಯಾಗಿ ಮುಚ್ಚುತ್ತಾಳೆ. ನಾವು ‘ವಟವಟಿ’ ಎಂದು ಕರೆಯುವ ಹುಡುಗಿ. ಈಗ ಒಂದು ಮಾತಿಲ್ಲ. ಅಂಗೈ ಮೇಲೆ ಮಾಡಿದರೆ ಸರಿ, ಕೆಳಗೆ ಮಾಡಿದರೆ ಬೇಡ. ಇಡೀ ದಿನ ಬರೀ ಕೆಳಗೆ.

ಡಾಕ್ಟರ್ ಹೇಳಿದರು, “ಶುಕ್ರವಾರದವರೆಗೂ ನೋಡೋಣ. ಏನೂ ನುಂಗ್ಲಿಲ್ಲ ಅಂದ್ರೆ ಮೂಗಿಂದ ಟ್ಯೂಬ್ ಹಾಕ್ಬೇಕಾಗತ್ತೆ.”

ಮಗಳಿಗೆ ಕೇಳಿಸಿತು. ಎರಡೂ ಕೈಯಿಂದ ಮೂಗು ಮುಚ್ಚಿಕೊಂಡಳು.

ಮಾರ್ಚ್ 4

ಆಲೂಗಡ್ಡೆ ಸೂಪ್ ಒಯ್ದೆ. ಖಾರವಿಲ್ಲ, ಹುಳಿಯಿಲ್ಲ, ಉಪ್ಪು ಚಿಟಿಕೆ. ಮುನ್ನೂರು ಜನರ ರುಚಿ ಕಾಯುವ ನಾಲಿಗೆ ನನ್ನದು... ಅಂಗೈಗೆ ಹನಿಸಿ ನೆಕ್ಕಿದೆ. ಸಪ್ಪೆ.

“ಏನೂ ಉರಿಯಲ್ಲ ಪುಟ್ಟಾ. ಅಪ್ಪ ನೋಡಿದೀನಿ.”

ನಂಬಿ ಬಾಯಿ ತೆರೆದಳು. ಚೀರಲೂ ಆಗದೆ ನನ್ನ ಶರ್ಟು ಹಿಡಿದು ನಡುಗಿದಳು. ನಂಬಿದಳಲ್ಲ, ಅದನ್ನೇ ಮರೆಯಲಾಗುತ್ತಿಲ್ಲ.

ಸಿಸ್ಟರ್ ಬೈದರು. “ಬಿಸಿಬಿಸಿ ಬೇರೆ ತಂದಿದೀರಾ! ಉಪ್ಪೂ ಉರಿಯತ್ತೆ ಅಣ್ಣಾ. ನಿಮ್ಮ ನಾಲಿಗೆಗೇನು ಹುಣ್ಣಾಗಿದ್ಯಾ?”

ಇಲ್ಲ. ನನಗಾಗಬಾರದಿತ್ತೇ ಅದು.

ಮಾರ್ಚ್ 5

ಉಪ್ಪಿಗಿಂತ ರುಚಿಯಿಲ್ಲ ಎಂದುಕೊಂಡೇ ಹೊಟ್ಟೆ ಹೊರೆದವನು. ಉಪ್ಪಿನ ಡಬ್ಬಿ ಅಟ್ಟಕ್ಕೆ ಹಾಕಿದೆ.

“ನಮಗೂ ಸಪ್ಪೇನಾ?” ಎಂದಳು ಹೆಂಡತಿ.

“ನಮಗೂ.”

ಒಂದು ತುತ್ತು ತಿಂದಳು. “ಕೈರುಚಿ ಕೈರುಚಿ ಅಂತ ಕೊಚ್ಕೋತಿದ್ರಲ್ಲ. ಎಲ್ಲಾ ಉಪ್ಪಿನ ಪ್ರತಾಪ!”

ಎಷ್ಟೋ ದಿನದ ಮೇಲೆ ಇಬ್ಬರೂ ನಕ್ಕೆವು.

ಮಾರ್ಚ್ 7, ಶುಕ್ರವಾರ

ಊಟಕ್ಕೆ ಮೊದಲು ಸಿಸ್ಟರ್ ಬಾಯಿ ಮರಗಟ್ಟಿಸುವ ಔಷಧಿ ಹಚ್ಚಿದರು. ಸೂಪ್ ಸೋಸಿ, ತಣ್ಣಗೆ ಮಾಡಿ ತಂದಿದ್ದೆ. ರುಚಿ ನೋಡಲಿಲ್ಲ. ಮಾತೂ ಕೊಡಲಿಲ್ಲ.

“ಉರಿಯತ್ತೋ ಇಲ್ವೋ ನಂಗೊತ್ತಿಲ್ಲ ಕಣೇ. ನೀನೇ ನೋಡಿ ಹೇಳು.”

ಚಮಚ ಅವಳ ಕೈಗೇ ಕೊಟ್ಟೆ. ನಾಲಿಗೆಗೆ ತುದಿ ಮುಟ್ಟಿಸಿದಳು. ತಡೆದಳು. ಆಮೇಲೆ ನುಂಗಿದಳು — ನಾನೂ ಅವಳಮ್ಮನೂ ಬರಿಬಾಯಲ್ಲೇ ಜೊತೆಗೆ ನುಂಗಿದೆವು.

ಅಂಗೈ ಮೇಲಾಯಿತು.

ಅರ್ಧ ಬಟ್ಟಲು ಖಾಲಿ. ಟ್ಯೂಬಿನ ಮಾತು ಸೋಮವಾರಕ್ಕೆ ಹೋಯಿತು.

ಮಾರ್ಚ್ 14

ಬರೆಯಲು ಪುರುಸೊತ್ತಾಗಲಿಲ್ಲ. ಟ್ಯೂಬ್ ಬೇಕಾಗಲಿಲ್ಲ. ರಕ್ತಕಣಗಳ ಸಂಖ್ಯೆ ಏರುತ್ತಿದೆಯಂತೆ.

ಇವತ್ತೂ ಅದೇ ಸೂಪ್. ಒಂದು ಚಮಚ ನುಂಗಿ ಮುಖ ಸಿಂಡರಿಸಿದಳು. ಅಂಗೈ ಕೆಳಗೆ. ಮತ್ತೆ ಹುಣ್ಣೇ?

“ಅಪ್ಪಾ...” ಸ್ವರ ಗೊಗ್ಗರು. ಆದರೆ ಅವಳದೇ. “ಇದಕ್ಕೆ ಉಪ್ಪೇ ಹಾಕಿಲ್ವಲ್ಲಾ! ಯಾರು ತಿಂತಾರೆ ಇದನ್ನ?”

ಹೆಂಡತಿ ಗೋಡೆ ಕಡೆ ತಿರುಗಿ ಅತ್ತಳು. ನಾನು ತಿರುಗಲೂ ಇಲ್ಲ, ಅಲ್ಲೇ ಅತ್ತೆ.

ಉಪ್ಪು ಹಾಕಬಹುದೇ ಎಂದು ಸಿಸ್ಟರನ್ನು ಕೇಳಿದೆ. ಅವರೆಂದರು, “ಒಂದೇ ಒಂದು ಚಿಟಿಕೆ ಅಣ್ಣಾ. ಜಾಸ್ತಿ ಬೇಡ.”

ಡಬ್ಬಿ ಅಟ್ಟದಿಂದ ಇಳಿಸಿ ಮುಂದಿಟ್ಟುಕೊಂಡು ಕೂತಿದ್ದೇನೆ. ಇಷ್ಟು ವರ್ಷ ಸೌಟು ಹಿಡಿದವನಿಗೆ ಚಿಟಿಕೆ ಎಂದರೆ ಎಷ್ಟೆಂದು...