ಕಾರಣವಿಲ್ಲದ ಗೀರು

ಮಾರ್ಚ್ ೧೧, ಬುಧವಾರ
ಮಧ್ಯಾಹ್ನ

ಆಮೆರಾಯರಿಗೆ,

ನಿಮ್ಮ ಪತ್ರ ಕಳೆದ ವಾರವೇ ಕೈಸೇರಿತು. ಮೂರು ವರ್ಷದ ಮೇಲೆ ನಿಮ್ಮ ಅಕ್ಷರ ನೋಡಿದೆ. ಯುದ್ಧದ ಟ್ಯಾಂಕಿನ ಕಿಂಡಿಯಿಂದ ತಲೆ ಹೊರಗೆ ಹಾಕಿ, ಸದ್ದಾದ ಕೂಡಲೇ ಒಳಗೆಳೆದುಕೊಳ್ಳುತ್ತೀರೆಂದು ನಿಮ್ಮ ದಂಡಿನವರು ಇಟ್ಟ ಹೆಸರಿಗೆ ನಾನು 'ರಾಯರು' ಸೇರಿಸಿದ್ದೆ. ಆ ಹೆಸರು ಹಿಡಿದು ಕರೆಯುವ ಹಕ್ಕು ಇನ್ನೂ ಇದೆಯೋ ಇಲ್ಲವೋ ತಿಳಿಯದು. ಬೇರೆ ಸಂಬೋಧನೆಗಳನ್ನೂ ಬರೆದು ನೋಡಿದೆ. ಒಂದೂ ಕೂಡಿಬರಲಿಲ್ಲ.

ನನ್ನ ಅಕ್ಷರ ನಿಮಗೆ ಗುರುತು ಸಿಗಲಿಕ್ಕಿಲ್ಲ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಬಲಗೈಯ ಮೂರು ಬೆರಳು ಈಗಲೂ ಮಡಚುವುದಿಲ್ಲ. ಕಾಲೇಜಿನಲ್ಲಿ ಹುಡುಗಿಯರು ನನ್ನ ಬೋರ್ಡಿನ ಬರಹ ನೋಡಿ ಕೋಳಿ ಕೆದಕಿದ ಹಾಗಿದೆ ಎಂದು ನಗುತ್ತಾರೆ. ನಗಲಿ ಬಿಡಿ.

ಆ ಗೋಡೆ ಬಿದ್ದದ್ದರ ವಿಚಾರಣೆ ಮತ್ತೆ ಶುರುವಾಗಿದೆ, ನನ್ನನ್ನೂ ಕರೆಯುತ್ತಾರೆ, ಅಂದು ಏನು ಹೇಳಿದ್ದೆನೋ ಅದನ್ನೇ ಹೇಳಬೇಕು ಎಂದು ಬರೆದಿದ್ದೀರಿ. ಕೊನೆಗೆ ಒಂದೇ ಸಾಲು: 'ಆ ಆಟಿಕೆ ನಿನ್ನ ಹತ್ತಿರ ಇದ್ದರೆ ಒಲೆಗೆ ಹಾಕು.' ನಾನು ಆ ಪದದಲ್ಲೇ ನಿಂತುಬಿಟ್ಟೆ. ಅದನ್ನು ಆಟಿಕೆ ಎಂದಿದ್ದಕ್ಕೆ ನಿಮ್ಮ ಅಣ್ಣನ ಜೊತೆ ಒಂದು ವರ್ಷ ಮಾತು ಬಿಟ್ಟವರು ನೀವು.

ನೀವು ಮಾಡಿದ ಆ ಪುಟ್ಟ ಟ್ಯಾಂಕು ನನ್ನ ಹತ್ತಿರವೇ ಇದೆ. ಮನೆ ಬಿಟ್ಟ ದಿನ ಪುಸ್ತಕಗಳನ್ನು ಅಲ್ಲೇ ಬಿಟ್ಟು ಅದನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡು ಬಂದೆ. ಗಾಜಿನ ಕಪಾಟು ಖಾಲಿಯಾದದ್ದು ನಿಮಗೆ ಅಂದೇ ಗೊತ್ತಾಗಿರಬೇಕು. ಮೂರು ವರ್ಷ ನೀವು ಕೇಳಲಿಲ್ಲ. ನಾನೂ ಹೇಳಲಿಲ್ಲ. ಗಂಡ ಹೆಂಡತಿಯ ನಡುವೆ ಉಳಿದಿದ್ದ ಒಂದೇ ಒಪ್ಪಂದ ಅದು.

ಅದನ್ನು ನೀವು ಕಟ್ಟಿದ ಆ ಎಂಟು ತಿಂಗಳು ನಮ್ಮ ಸಂಸಾರದ ಒಳ್ಳೆಯ ಕಾಲ ಎಂದರೆ ನಗುತ್ತೀರೇನೋ. ಹಿಂದಿನ ಕೋಣೆಯ ಮೇಜು. ಪ್ಲಾಸ್ಟಿಕ್ ಚೌಕಟ್ಟಿನಿಂದ ಒಂದೊಂದೇ ಬಿಡಿಭಾಗ ಕತ್ತರಿಸಿ, ಅಂಚು ಉಜ್ಜಿ, ಉಸಿರು ಬಿಗಿಹಿಡಿದು ಅಂಟಿಸುತ್ತಿದ್ದಿರಿ. ನಿಜವಾದ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲು. ಹೊಸ ಹಸಿರು ಬಣ್ಣ ಬಳಿದು ಮುಗಿದಾಗ ಎಷ್ಟು ಚೆಂದ ಎಂದೆ. ನೀವು ನಕ್ಕಿರಿ. "ಇದು ಇನ್ನೂ ಹುಟ್ಟಿಲ್ಲ ಕಣೇ. ಇದಕ್ಕೆ ವಯಸ್ಸಾಗಬೇಕು" ಎಂದಿರಿ.

ಆಮೇಲೆ ಅದಕ್ಕೆ ವಯಸ್ಸು ತರಿಸಿದಿರಿ. ತುಕ್ಕಿನ ಬಣ್ಣದ ಮೇಲೆ ಉಪ್ಪಿನ ಹರಳು ಉದುರಿಸಿ, ಅದರ ಮೇಲೆ ಹಸಿರು ಹೊಡೆದು, ಒಣಗಿದ ಮೇಲೆ ಒದ್ದೆ ಕುಂಚದಿಂದ ತಿಕ್ಕಿದಾಗ ಉಪ್ಪು ಕರಗಿ, ಸಿಪ್ಪೆ ಎದ್ದು, ಒಳಗಿನ ತುಕ್ಕು ಕಂಡಿತು. ಪೆನ್ಸಿಲಿನ ಪುಡಿಯನ್ನು ಬೆರಳಲ್ಲಿ ತೆಗೆದುಕೊಂಡು ಅಂಚುಗಳಿಗೆ ಉಜ್ಜಿದಿರಿ, ಸವೆದ ಕಬ್ಬಿಣ ಹೊಳೆಯಿತು. ಸುಣ್ಣದ ಪುಡಿಗೆ ಕಂದು ಕಲಸಿ, ಚಕ್ರಗಳನ್ನು ಸುತ್ತಿ ಓಡುವ ಚೈನಿನ ಸಂದಿಗೆ ಕೆಸರು ತುಂಬಿದಿರಿ. ನನಗೂ ಒಂದು ಸಣ್ಣ ಕುಂಚ ಕೊಟ್ಟಿರಿ. ನಾನು ಕೈಗೆ ಬಂದಂತೆ ಒಂದು ಗೀರು ಎಳೆದೆ. ಕುಂಚ ಕಿತ್ತುಕೊಂಡಿರಿ. "ಇದು ಹೇಗಾಯ್ತು ಹೇಳು? ಯಾವುದು ತಗುಲಿತು? ಕಾರಣ ಇಲ್ಲದೆ ಒಂದು ಗೀರೂ ಇರಕೂಡದು. ಗೊತ್ತಿದ್ರೆ ಹಚ್ಚು, ಇಲ್ಲಾಂದ್ರೆ ಪದ್ಯ ಓದ್ಕೋ ಹೋಗು."

ಕವಿತೆ ಓದುವವಳಿಗೆ ಅದಕ್ಕಿಂತ ಒಳ್ಳೆಯ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಪ್ರತಿ ಗುರುತಿನ ಕಾರಣ ಕೇಳುವುದೇ ನನಗೆ ಆಟವಾಯಿತು. ಮುಂದಿನ ಗೀರು? ಗೇಟಿನ ಕಂಬ. ಮೇಲಿನ ಮಸಿ? ಹೊಗೆ ಕೊಳವೆ. ಬಲಗಡೆಯ ಎಣ್ಣೆ ಕಲೆ? ಹಾಳಾದ ಮುಚ್ಚಳ, ಮೆಕ್ಯಾನಿಕ್ಕಿಗೆ ಮೂರು ಸಲ ಹೇಳಿದರೂ ಸರಿ ಮಾಡಲಿಲ್ಲ. ನೀವು ಎಲ್ಲಕ್ಕೂ ಉತ್ತರ ಕೊಟ್ಟಿರಿ. ಎಡಗಡೆ ಚೈನಿಗೆ ಸಿಕ್ಕಿಕೊಂಡ, ಕೂದಲಿನಷ್ಟು ತೆಳುವಾದ, ಸೊಟ್ಟ ತಂತಿಗೆ ಮಾತ್ರ "ಬೇಲಿ" ಎಂದು ಒಂದೇ ಮಾತು. ಆಮೇಲೆ ನೀರು ಕುಡಿಯಲು ಎದ್ದು ಹೋದಿರಿ.

ಆ ಸಂಜೆಯನ್ನು ಈಗ ಬರೆಯಲೇಬೇಕು. ಟ್ಯಾಂಕು ಮುಗಿದು ವರ್ಷಗಳೇ ಆಗಿದ್ದವು. ನೀವು ಕಪಾಟಿನಿಂದ ತೆಗೆದು ದೀಪದ ಕೆಳಗಿಟ್ಟು, "ಇದು ಕಲೆ ಕಣೇ, ನಿನ್ನ ಬುಕ್ಕಲ್ಲಿರೋದಲ್ಲ" ಎಂದಿರಿ. ನಾನು ಕುಂಚಗಳನ್ನು ಡ್ರಾಯರಿನಲ್ಲಿ ಜೋಡಿಸುತ್ತಿದ್ದೆ. ಬಾಯಿ ಚಪಲ ನೋಡಿ, "ಯಾವ ಕಲೆ ರೀ, ತೊಳೆದರೆ ಹೋಗೋದೋ, ಹೋಗದೇ ಇರೋದೋ?" ಎಂದೆ. ತರಗತಿಯಲ್ಲಿ ಹತ್ತು ಸಲ ಹೇಳಿ ಸವೆದ ಶ್ಲೇಷೆ ಅದು. ಪರಮಾತ್ಮನಾಣೆ, ಅದರೊಳಗೆ ಬೇರೇನೂ ಇರಲಿಲ್ಲ.

ನೀವು ಡ್ರಾಯರ್ ಮುಚ್ಚಿದಿರಿ. ನನ್ನ ಕೈ ಒಳಗಿತ್ತು. ಮೊದಲ ಸಲ ನೋಡದೆ ಆಯಿತೆಂದುಕೊಂಡೆ. ಮತ್ತೆ ತೆರೆದು ಮುಚ್ಚಿದಿರಿ. ಮೂರನೆಯ ಸಲ ಸೊಂಟ ಕೊಟ್ಟು ಒತ್ತಿ ಹಿಡಿದಿರಿ. ಒಣ ಕಡ್ಡಿ ಮುರಿದ ಸದ್ದು ಬಂತು. ನನ್ನ ಕಿರುಚಾಟದ ಮೇಲೆ ನಿಮ್ಮ ದನಿ: "ಯಾರು ಹೇಳಿದ್ದು ನಿಂಗೆ? ಯಾರು ಹೇಳಿದ್ದು?"

ಆಸ್ಪತ್ರೆಯಲ್ಲಿ ಬಚ್ಚಲಲ್ಲಿ ಜಾರಿದೆ ಎಂದೆ. ಡಾಕ್ಟರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು, "ಜಾರಿ ಬಿದ್ರೆ ಮೂರು ಬೆರಳು ಒಂದೇ ಗೆರೇಲಿ ಮುರಿಯಲ್ಲಮ್ಮ" ಎಂದರು. ಅವರಿಗೂ ನಿಮ್ಮ ಪಾಠ ಗೊತ್ತಿತ್ತು.

ನಾನು ಯೋಚಿಸುತ್ತಾ ಮಲಗಿದ್ದೆ. ಹೇಳುವುದಕ್ಕೆ ಏನಿತ್ತು? ಏನೂ ಇಲ್ಲದಿದ್ದರೆ ಯಾರು ಹೇಳಿದ್ದೆಂದು ಯಾಕೆ ಕೇಳುತ್ತಿದ್ದಿರಿ?

ಈಗ ನಾನಿರುವುದು ಗಡಿಯಾರ ರಿಪೇರಿ ಅಂಗಡಿಯ ಮಹಡಿಯಲ್ಲಿ. ಗಡಿಯಾರದವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಎರವಲು ಕೊಟ್ಟರು. ಕಿಟಕಿಯ ಬಿಸಿಲಿನಲ್ಲಿ ಎಡಗಡೆ ಚೈನನ್ನು ನೋಡಿದೆ. ಬೇಲಿ ತಂತಿಯ ತುದಿಯಲ್ಲಿ ಇಂಥ ಪುಟ್ಟ ಗುಂಡು ಇರುವುದಿಲ್ಲ ಆಮೆರಾಯರೇ. ಅದು ಕೊಡೆಯ ಕಡ್ಡಿ. ಅದರ ಬುಡದಲ್ಲಿ, ಕೆಸರಿನಲ್ಲಿ ಅರ್ಧ ಹೂತು, ಎಳ್ಳುಕಾಳಿನಷ್ಟು ಕಾಗದದ ಚೂರು. ಅದಕ್ಕೆ ಅರಿಶಿನ ಬಣ್ಣ. ಅಂಚಿಗೆ ಹಸಿರು ಗೆರೆ. ಹಲ್ಲುಚಕ್ರದ ಒಳಬದಿಗೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಕಂದು ಬಣ್ಣ. ತುಕ್ಕಲ್ಲ. ಓಡುವ ಟ್ಯಾಂಕಿಗೆ ತುಕ್ಕು ಹಿಡಿದರೆ ಅದು ಡ್ರೈವರಿನ ಮಾನ ಹೋದ ಹಾಗೆ, ಅದಕ್ಕೇ ಮೇಲಿನ ಚಕ್ಕೆಗಳಲ್ಲಿ ಬಿಟ್ಟರೆ ಬೇರೆಲ್ಲೂ ಹಚ್ಚುವುದಿಲ್ಲ ಎಂದವರು ನೀವೇ.

ಏಳು ವರ್ಷದ ಹಿಂದಿನ ಆ ಬೆಳಿಗ್ಗೆ, ಊರಿನಲ್ಲಿ ಗಲಭೆ ಎಂದು ನಿಮ್ಮ ಟ್ಯಾಂಕುಗಳು ಬೀದಿಗಿಳಿದಾಗ ನಾನು ಜ್ವರದಲ್ಲಿ ಮಲಗಿದ್ದೆ. ನೀವು ನಸುಕಿಗೇ ಹೋಗಿದ್ದಿರಿ, ಜ್ವರ ಏರಿದ್ದು ಆಮೇಲೆ. ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಗಲಗಲ ಎಂದವು. ದೂರದಲ್ಲಿ ಗೋಡೆ ಕುಸಿದ ಸದ್ದು, ಅದರ ಹಿಂದೆಯೇ ಜನರ ಕೂಗು. ಹತ್ತು ಗಂಟೆಗೆ ಹೊಲಿಗೆಯಮ್ಮನ ಮಗಳು, ನಮ್ಮ ಎರಡು ಬೀದಿ ಆಚೆಯವಳು, ಹತ್ತೊಂಬತ್ತು ವರ್ಷದವಳು, ಆ ಗೋಡೆಯ ಕೆಳಗೆ ಸಿಕ್ಕಳು. ಮುಖವೇ ಉಳಿದಿರಲಿಲ್ಲವಂತೆ. ಕೊರಳಲ್ಲಿದ್ದ ಅಳತೆ ಟೇಪಿನಿಂದ ಗುರುತು ಹಿಡಿದರು.

ವಿಚಾರಣೆಯಲ್ಲಿ ನೀವು ಬೀದಿ ಖಾಲಿ ಇತ್ತು, ಗೋಡೆ ಹಳೆಯದು, ಅದಾಗಿಯೇ ಬಿತ್ತು ಎಂದಿರಿ. ಹೊಲಿಗೆಯಮ್ಮ ಎದ್ದು ನಿಂತು, "ಗೋಡೆ ಬಿದ್ದಿದ್ರೆ ಕೊಡೆ ಗೋಡೆ ಕೆಳಗೇ ಇರ್ಬೇಕಲ್ವಾ ಸ್ವಾಮಿ? ಅವಳ ಕೊಡೆ ಎಲ್ಲಿ?" ಎಂದು ಕೇಳಿದರು. ಮಗಳು ಹೋದದ್ದಕ್ಕಿಂತ ಕೊಡೆಯ ಚಿಂತೆ ನೋಡಿ ಇವಳಿಗೆ ಎಂದು ಯಾರೋ ಗೊಣಗಿದರು. ನಾಲ್ಕು ಜನ ನಕ್ಕರು. ನಾನೂ ಆ ಕೋಣೆಯಲ್ಲಿದ್ದೆ. ನನ್ನ ಸರದಿ ಬಂದಾಗ, ಅವರ ಬಟ್ಟೆಯಲ್ಲಿ ಮಣ್ಣು ಬಿಟ್ಟರೆ ಏನೂ ಇರಲಿಲ್ಲ ಎಂದೆ.

ಮೂರು ಬಕೆಟ್ ನೀರು ಬದಲಾಯಿಸಿದ್ದೆ ಆಮೆರಾಯರೇ. ಅಂಗಿಯ ಎರಡೂ ತೋಳು ಮೊಣಕೈಯವರೆಗೆ ಗಟ್ಟಿಯಾಗಿ ಒಣಗಿದ್ದವು. ಉಗುರಿನಿಂದ ಕೆರೆದರೆ ಚಕ್ಕೆ ಏಳುತ್ತಿತ್ತು. ತುಕ್ಕು, ತುಕ್ಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತಾ ತೊಳೆದೆ. ನೀವು ಕೆಳಗಿಳಿದಿದ್ದಿರಿ. ಚೈನಿಗೆ ಸಿಕ್ಕಿದ್ದನ್ನು ಕೈಯಿಂದ ಕಿತ್ತು ತೆಗೆದಿದ್ದಿರಿ. ಇಲ್ಲದಿದ್ದರೆ ಹಸಿರು ಅಂಚು ಎಷ್ಟು ಅಗಲವೆಂದು ನಿಮಗೆ ಹೇಗೆ ತಿಳಿಯಬೇಕು? ನಿಮ್ಮ ಬಾಯಿಗೆ ಸುಳ್ಳು ಸಲೀಸು. ಕುಂಚಕ್ಕೆ ಬರುವುದಿಲ್ಲ.

ಕಳೆದ ಭಾನುವಾರ ಹೊಲಿಗೆಯಮ್ಮನನ್ನು ಕರೆದುಕೊಂಡು ಬಂದು ತೋರಿಸಿದೆ. ಎಲ್ಲವನ್ನೂ ಹೇಳಿದೆ, ಬಕೆಟ್ಟಿನ ನೀರನ್ನೂ. ಅವರು ನನಗೆ ಹೊಡೆಯಬಹುದೆಂದುಕೊಂಡಿದ್ದೆ, ಹೊಡೆಯಲಿ ಎಂದೂ ಇತ್ತು. ಅವರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು. "ನಾನು ಹೊಲಿದ ಅಂಚೇ ಟೀಚರಮ್ಮ" ಎಂದರು. ಆಮೇಲೆ ಕೊರಳಿನ ಟೇಪು ತೆಗೆದು ಟ್ಯಾಂಕಿನ ಅಗಲ ಅಳೆದರು. ನಾಲ್ಕು ಇಂಚು. ಎಷ್ಟು ಪಟ್ಟು ಎಂದು ಕೇಳಿದರು. ಹೇಳಿದೆ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ಹಿಡಿದು ನನ್ನ ಕೋಣೆಯ ನೆಲದ ಮೇಲೆ ಗೆರೆ ಎಳೆಯುತ್ತಾ ಹೋದರು. ಮಂಚದ ಕೆಳಗಿಂದ ಶುರುವಾದ ಗೆರೆ ಹೊಸ್ತಿಲು ದಾಟಿ ಮೆಟ್ಟಿಲಿಗೆ ಹೋಯಿತು. ಹನ್ನೊಂದು ಅಡಿ ಎಂಟು ಇಂಚು.

"ಆ ಬೀದಿ ಹದಿಮೂರು ಅಡಿ. ಆವತ್ತೇ ಅಳೆದು ಬಂದಿದ್ದೆ" ಎಂದರು ಮೊಣಕಾಲೂರಿಯೇ. "ಆ ಕಡೆ ಎಂಟು ಇಂಚು, ಈ ಕಡೆ ಎಂಟು ಇಂಚು. ಟ್ಯಾಂಕು ಬಂದಿದ್ರೂ ಪಕ್ಕಕ್ಕೆ ಸರಿದು ನಿಲ್ಬೋದಿತ್ತು ಅಂದ್ರಲ್ಲ ಟೀಚರಮ್ಮ ವಿಚಾರಣೆಯವರೆಲ್ಲ. ನನ್ನ ಮಗಳ ಭುಜ ಹದಿನಾಲ್ಕು ಇಂಚು."

ಆ ಗೆರೆಯನ್ನು ನಾನು ಒರೆಸಿಲ್ಲ. ದಾಟಿಕೊಂಡು ಓಡಾಡುತ್ತಿದ್ದೇನೆ.

ನಿಮ್ಮದೂ ಒಂದು ಗುರುತಿದೆ, ಅದನ್ನು ಬರೆಯದಿದ್ದರೆ ನಾನು ನಿಮಗೆ ಮೋಸ ಮಾಡಿದ ಹಾಗೆ. ಅಂದು ಸಂಜೆ ಆರೂವರೆಗೆ ಮನೆಗೆ ಬಂದವರು ಬಾಗಿಲಲ್ಲೇ ನಿಂತಿರಿ. ನನ್ನ ಮುಖ, ಹೆಗಲು, ಕೈ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಿರಿ. "ಇದ್ದೀಯಾ?" ಎಂದಿರಿ. ಮತ್ತೆ, "ಇದ್ದೀಯಾ?" ನನ್ನ ಪಾದ ಹಿಡಿದು ನೆಲದ ಮೇಲೆ ಕುಳಿತು ಅತ್ತಿರಿ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಒಂದೇ ಸಲ. ಮಾರನೆಯ ದಿನ ಮಲಗುವ ಕೋಣೆಯ ಪರದೆಗಳನ್ನು ಕಿತ್ತು ಹಿತ್ತಲಲ್ಲಿ ಸುಟ್ಟಿರಿ. ಧೂಳು ಹಿಡಿಯುತ್ತೆ ಎಂದಿರಿ. ಪರದೆ ಹೋದರೆ ಹೋಗಲಿ, ನನ್ನನ್ನು ಇಷ್ಟು ಪ್ರೀತಿಸುವ ಮನುಷ್ಯ ಎಂದು ನಾನು ಕೊರಗಲಿಲ್ಲ. ಆ ಒಂದು ಸಂಜೆಯ ಸಾಲದ ಮೇಲೆ ನಾಲ್ಕು ವರ್ಷ ನಿಮ್ಮ ಏಟು ತಿಂದೆ. ವಿಚಾರಣೆಯಲ್ಲಿ ಸುಳ್ಳು ಹೇಳಿದ್ದೂ ಅದೇ ಸಂಜೆಗಾಗಿ.

ನಾಳೆ ಹತ್ತು ಗಂಟೆಗೆ ವಿಚಾರಣೆ. ಟ್ಯಾಂಕನ್ನು ಹತ್ತಿಯಲ್ಲಿ ಸುತ್ತಿ ಇಟ್ಟಾಗಿದೆ. ಮೊದಲು ಹೇಳಿದ್ದು ಸುಳ್ಳು ಎಂದರೆ ನನ್ನನ್ನೂ ಒಳಗೆ ಹಾಕಬಹುದು, ಕೆಲಸ ಹೋಗುವುದಂತೂ ಖಂಡಿತ ಎಂದು ವಕೀಲರು ಹೇಳಿದರು. ಹೋಗಲಿ. ಆ ಬಟ್ಟೆ ತೊಳೆದ ಕೈ ಇದು, ಇದಕ್ಕೂ ಒಂದು ಕಾರಣ ಬರೆದಿರಲಿ. ಹೊಲಿಗೆಯಮ್ಮ ಜೊತೆಗೆ ಬರುತ್ತಾರೆ. ದಾರಿಯಲ್ಲಿ ಅಲುಗಾಡದಂತೆ ನಾನೇ ಹಿಡ್ಕೋತೀನಿ, ನಿಮ್ಮ ಬೆರಳು ಸರಿಯಿಲ್ಲ ಎಂದಿದ್ದಾರೆ.

ಆ ಟ್ಯಾಂಕನ್ನು ನಾನು ಒಡೆಯಲಾರೆ. ನೀವು ಜೀವನದಲ್ಲಿ ನಿಜ ಹೇಳಿದ್ದು ಅದೊಂದರಲ್ಲೇ.

ಇತಿ,
ನೀವು ಹಂಗಿಸಿ ಕರೆಯುತ್ತಿದ್ದ
ಪದ್ಯದ ಬುಕ್ಕು

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಅರಿಶಿನ ಬಟ್ಟೆ, ಹಸಿರು ಅಂಚು, ನಮ್ಮ ಪರದೆಯದು. ಉಳಿದ ತುಂಡಿನಲ್ಲಿ ಹೊಲಿಗೆಯಮ್ಮ ನನಗೊಂದು ಕೊಡೆಗೆ ಹೊದಿಕೆ ಹೊಲಿದುಕೊಟ್ಟದ್ದು ನಿಮಗೆ ಗೊತ್ತಿತ್ತು. ಇನ್ನೂ ಮಿಕ್ಕಿದ್ದರಲ್ಲಿ ಮಗಳಿಗೂ ಒಂದು ಮಾಡಿಕೊಂಡದ್ದು ಗೊತ್ತಿರಲಿಲ್ಲ. ಒಂಬತ್ತೂವರೆಗೆ ಆ ಬೀದಿಯಲ್ಲಿ ಆ ಕೊಡೆ ಹಿಡಿದು ದಿನವೂ ಕಾಲೇಜಿಗೆ ಹೋಗುತ್ತಿದ್ದವಳು ನಾನು. ನಿಮ್ಮ ಮಟ್ಟಿಗೆ ನೀವು ಕಿಂಡಿಯಿಂದ ನೋಡಿದ್ದು ನನ್ನನ್ನು. ನಿಲ್ಲಿಸಲಿಲ್ಲ. ಆಮೇಲೆ ಇಳಿದು ಕಡ್ಡಿ, ಬಟ್ಟೆ ಕಿತ್ತಿರಿ. ಗೋಡೆಯ ಕಲ್ಲು ಸರಿಸಿ ಮುಖ ನೋಡಲಿಲ್ಲ. ಮತ್ತೆ ಹತ್ತಿ ಕುಳಿತು ಸಂಜೆ ಆರರವರೆಗೆ ಡ್ಯೂಟಿ ಮುಗಿಸಿ, ಬಾಗಿಲಿಗೆ ಬಂದು ಕೇಳಿದಿರಿ: ಇದ್ದೀಯಾ? ನನ್ನ ಕೊಡೆ ಹಿಂದಿನ ದಿನ ಕಾಲೇಜಿನಲ್ಲೇ ಮರೆತು ಬಂದಿದ್ದೆ. ಇಂದಿಗೂ ನನ್ನ ಹತ್ತಿರವೇ ಇದೆ. ನಾಳೆ ಅದನ್ನು ಹಿಡಿದುಕೊಂಡು, ಅದೇ ಬೀದಿಯಲ್ಲಿ ನಡೆದು ಹೋಗುತ್ತೇನೆ.